ಒಂದು ಮುಖ, ಒಂದು ಸಾಲು

ಹೋದ ವಾರ ನಮ್ಮ ಸಂಸ್ಥೆಯ ಕಮಿಟಿಯವರು ನನ್ನನ್ನು ಕರೆದು, "ಸರ್ ಹೋಗಿ ತಿಂಗಳಾತು. ಒಂದು ಸ್ಮರಣ ಸಂಚಿಕೆ ತರಬೇಕಂತ ಮಾಡೀವಿ. ನೀವು ಅವ್ರ ಕೈಯಾಗ ಬೆಳೆದವ್ರು, ಎರಡು ಪುಟ ಬರ್ದು ಕೊಡ್ರಿ" ಅಂದರು. ಆಗಲಿ ಅಂದೆ. ಅವರ ಕೈಯಲ್ಲಿ ಬೆಳೆದವಳು ನಾನು, ಅದು ಖರೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅಂತಾರೆ, ಅದೂ ಖರೆ. ಆದರೆ ಬದುಕಿದ್ದವರನ್ನ ಸತ್ತಿದ್ದಾರೆ ಅಂತ ಅಚ್ಚು ಹಾಕಿಸಬಾರದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಎರಡು ಪುಟಕ್ಕೆ ಮುಗಿಯೋ ಮಾತಲ್ಲ ಇದು. ಹಾಕೋದು ಬಿಡೋದು ಕಮಿಟಿಯವರಿಗೆ ಬಿಟ್ಟದ್ದು.

ನಮ್ಮದು ಹೊಸಪೇಟೆಯಲ್ಲಿ ಒಂದು ಉಚಿತ ಹಾಸ್ಟೆಲ್. ಗಣಿಯಲ್ಲಿ, ಗದ್ದೆಯಲ್ಲಿ, ಲಾರಿಯ ಮೇಲೆ ದುಡಿಯುವವರ ಮಕ್ಕಳು ಇಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಾರೆ. ಸರಕಾರದ ದುಡ್ಡಿಲ್ಲ. ಡಿಸೆಂಬರ್ ತಿಂಗಳಲ್ಲಿ ಊರೂರು ತಿರುಗಿ ಎತ್ತಿದ ದೇಣಿಗೆಯಲ್ಲಿ ಇಡೀ ವರ್ಷ ಒಲೆ ಉರಿಯಬೇಕು. ಆ ಎತ್ತುವ ಕೆಲಸ ಮೂವತ್ತು ವರ್ಷ ಮಾಡಿದವರು ಸರ್. ಹೆಸರು ಬರೆಯಲ್ಲ. ಊರೆಲ್ಲ ಅವರನ್ನ ಸರ್ ಅಂತಲೇ ಕರೆಯುತ್ತಿತ್ತು, ನನಗೂ ಅಷ್ಟು ಸಾಕು.

ಬಿಳಿ ಅಂಗಿ, ಕಾಲರ್ ಸವೆದರೆ ಅದನ್ನೇ ತಿರುವಿ ಹೊಲಿಸಿಕೊಂಡದ್ದು. ಒದ್ದರೂ ಜಲ್ದಿ ಶುರುವಾಗದ ಹಳೇ ಮೊಪೆಡ್ಡು. ಹೆಗಲಿಗೆ ಒಂದು ಚೀಲ, ಅದರಲ್ಲಿ ಸುತ್ತಿ ರಬ್ಬರ್ ಹಾಕಿದ ಕ್ಯಾಲೆಂಡರುಗಳು, ಒಂದು ಸಣ್ಣ ಸುತ್ತಿಗೆ, ಬೆಂಕಿಪೊಟ್ಟಣದ ತುಂಬ ಮೊಳೆ. ಪ್ರತಿ ವರ್ಷ ಹಾಸ್ಟೆಲಿನ ಒಂದು ಮಗುವಿನ ದೊಡ್ಡ ಫೋಟೋ, ಅದರ ಕೆಳಗೆ ಒಂದು ಸಾಲು ಬರಹ, ಅದರ ಕೆಳಗೆ ಹರಿದು ತೆಗೆಯುವ ತಿಂಗಳ ಹಾಳೆಗಳು. ಅದನ್ನ ಹೊಸಪೇಟೆಯ ಅಂಗಡಿ, ಕಂಪ್ಲಿಯ ರೈಸ್ ಮಿಲ್ಲು, ಸಂಡೂರಿನ ಗಣಿ ಆಫೀಸು, ಹಂಪಿಯ ಹೋಟೆಲು, ಎಲ್ಲಾ ಕಡೆ ಒಯ್ಯೋರು. ಕೈಗೆ ಕೊಟ್ಟು ಬರುತ್ತಿರಲಿಲ್ಲ. "ಕೊಟ್ಟು ಬಂದದ್ದು ಮೇಜಿನ ಖಾನೆ ಸೇರ್ತೈತಿ, ಹೊಡದು ಬಂದದ್ದು ವರ್ಷ ನಿಲ್ತೈತಿ" ಅನ್ನೋರು. ಯಾರ ಬಾಗಿಲಿಗೆ ಹೋದರೂ ಮೊದಲು ಗೋಡೆ ನೋಡಿ ಆಮೇಲೆ ಮನುಷ್ಯರಿಗೆ ನಮಸ್ಕಾರ ಮಾಡೋರು.

ಕಂಪ್ಲಿಯ ಒಂದು ಮಿಲ್ಲಿನಲ್ಲಿ ಸಾಹುಕಾರರು ಫೋನಿನಲ್ಲಿ ಮಾತಾಡುತ್ತಿದ್ದಾಗಲೇ ಇವರು ಸ್ಟೂಲ್ ಹತ್ತಿ, ಅಲ್ಲಿದ್ದ ಗೊಬ್ಬರದ ಕಂಪನಿಯ ಕ್ಯಾಲೆಂಡರ್ ಇಳಿಸಿ ನಮ್ಮದನ್ನ ಹೊಡೆದುಬಿಟ್ಟಿದ್ದರು. ಸಾಹುಕಾರರು ಫೋನ್ ಇಟ್ಟು, "ಏನ್ರೀ ಇದು, ಗ್ವಾಡಿ ನಮ್ಮದು ಅನ್ನೋದು ನೆನಪೈತೋ ಇಲ್ಲೋ ನಿಮಗ" ಅಂದರಂತೆ. ಸರ್ ಸ್ಟೂಲಿನ ಮೇಲಿಂದಲೇ, "ಗ್ವಾಡಿ ನಿಮ್ಮದು ಖರೆ. ಈ ಕೂಸು ಯಾರದು, ಅದನ್ನಷ್ಟು ಹೇಳ್ರಿ" ಅಂದರಂತೆ. ಆ ವರ್ಷ ಯುಗಾದಿ ತನಕ ಆ ಮಿಲ್ಲಿನ ಅಕ್ಕಿ ಬಂತು ನಮಗೆ. ಇಂಥ ಕತೆ ಸರ್ ಬಗ್ಗೆ ನೂರಿವೆ, ಸಂಚಿಕೆಗೆ ಬೇರೆಯವರು ಬರೆದೇ ಬರೆಯುತ್ತಾರೆ.

ಒಂದು ಪೈಸೆ ತಿಂದವರಲ್ಲ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. ದಾನ ಕೊಡೋರ ಮನೆಯಲ್ಲಿ ನೀರು ಬಿಟ್ಟು ಚಹಾ ಕೂಡ ಮುಟ್ಟುತ್ತಿರಲಿಲ್ಲ. ತಿಂದಿದ್ದರೆ ಎಷ್ಟೋ ಚೆನ್ನಾಗಿತ್ತು, ಕಳ್ಳನನ್ನ ಬೈಯೋದು ಸುಲಭ. ಇವರನ್ನ ಬೈಯೋಕೆ ಹೋದರೆ ನನ್ನ ಬಾಯೇ ಕೆಟ್ಟದ್ದು ಅನ್ನೋ ಹಾಗೆ ಬದುಕಿದರು, ಅದೂ ಒಂದು ಸಿಟ್ಟು ನನಗೆ.

ಡಿಸೆಂಬರ್ ಹದಿನೈದಕ್ಕೆ ಮುಂಚೆ ಯಾರ ಹತ್ತಿರವೂ ಕೇಳಬಾರದು ಅನ್ನೋದು ಅವರ ಲೆಕ್ಕ. "ಬುಕ್ಕಸಾಗರದ ಭತ್ತ ಮನೀಗೆ ಬಂದಿರಬೇಕು, ಕ್ರಿಸ್‌ಮಸ್ ರಜಾ ಬಿದ್ದಿರಬೇಕು, ಹಂಪ್ಯಾಗ ರೂಮು ಸಿಗದಂಗ ಆಗಿರಬೇಕು. ಕಿಸೆ ಬೆಚ್ಚಗಿದ್ದಾಗ ಮನುಷ್ಯಾಗ ಪುಣ್ಯ ನೆನಪಾಗ್ತೈತಿ" ಅನ್ನೋರು. ಹಂಪಿಯ ಒಬ್ಬ ಹೋಟೆಲಿನವನು ಒಂದು ಸಲ, ರಜೆಯ ಪ್ರವಾಸಿಗರ ಮುಂದೆ ಹಾಸ್ಟೆಲ್ ಮಕ್ಕಳನ್ನ ಕುಣಿಸಿದರೆ ಚಲೋ ದುಡ್ಡಾಗುತ್ತದೆ ಅಂದ. ಸರ್ ಎದ್ದು, ಆಗ ತಾನೇ ಹೊಡೆದ ಕ್ಯಾಲೆಂಡರ್ ಕಿತ್ತು, ಮೊಳೆಯನ್ನೂ ಕಿತ್ತು ಪೊಟ್ಟಣಕ್ಕೆ ಹಾಕಿಕೊಂಡು ಹೊರಟರು. "ನಮ್ಮ ಮಕ್ಕಳು ಯಾರ ಮುಂದೂ ಕೈ ಚಾಚಂಗಿಲ್ಲ" ಅಂತ ದಾರಿಯುದ್ದಕ್ಕೂ ಹೇಳಿದರಂತೆ. ಹೌದು, ಕೈ ಚಾಚಲಿಲ್ಲ ನಾವು. ಗೋಡೆಗೆ ನೇತು ಬಿದ್ದೆವು.

ಫೋಟೋಕ್ಕೂ ಅವರದೊಂದು ಶಾಸ್ತ್ರ ಇತ್ತು. "ಒಂದು ಮುಖ, ಒಂದು ಸಾಲು. ಇಬ್ಬರಿದ್ರ ಕಣ್ಣೀರು ಹಂಚಿ ಹೋಗ್ತೈತಿ."

ಆ ಒಂದು ಮುಖ ಒಂದು ವರ್ಷ ನಂದಾಗಿತ್ತು. ನಾನು ಐದನೇ ಕ್ಲಾಸು, ಹತ್ತು ವರ್ಷ. ನನ್ನ ತಾಯಿ ನಾನು ನಡೆಯೋಕೆ ಕಲಿಯೋ ಹೊತ್ತಿಗೇ ಜ್ವರದಲ್ಲಿ ಹೋಗಿದ್ದಳು. ಅಪ್ಪ ಯಶವಂತನಗರದಲ್ಲಿ ಅದಿರು ಲಾರಿಗಳಿಗೆ ಟಾರ್ಪಾಲ್ ಕಟ್ಟೋ ಕೆಲಸ ಮಾಡುತ್ತಿದ್ದ. ತಿಂಗಳಿಗೊಮ್ಮೆ, ಎರಡನೇ ಭಾನುವಾರ, ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ನನ್ನ ನೋಡಲು ಬರೋನು. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಕಿವಿಯೊಳಗಿನ ಕೆಂಪು ಧೂಳು ಹೋಗುತ್ತಿರಲಿಲ್ಲ. ನಾನು ಅವನ ತೊಡೆ ಮೇಲೆ ಕೂತು ಸೀರಣಿಗೆಯ ಹಲ್ಲಿನಿಂದ ಅದನ್ನ ತೆಗೆಯುತ್ತಿದ್ದೆ.

ಫೋಟೋ ತೆಗೆದದ್ದು ಅಂಥದ್ದೇ ಒಂದು ಭಾನುವಾರ. ಸ್ಟುಡಿಯೋದವನು ಮುಖಕ್ಕೆ ಬೆಳಕು ಸಾಲದು, ಎದುರಿಗೆ ಬಿಳಿ ಬಟ್ಟೆ ಹಿಡಿಯಬೇಕು ಅಂದ. ಸರ್ ಹಾಸಿಗೆಯ ಮೇಲಿನ ಬಿಳಿ ಚಾದರ ತರಿಸಿದರು. ಅಪ್ಪ ಮುಂದೆ ಬಂದು, "ಕೊಡ್ರಿ, ನಾ ಹಿಡಿತೀನಿ. ಟಾರ್ಪಾಲ್ ಹಿಡದು ರೂಢಿ ಐತ್ರಿ ನನಗ" ಅಂದ. ಎರಡೂ ಕೈ ಎತ್ತಿ ಚಾದರ ಅಗಲಿಸಿ ನಿಂತ. ಅವನು ನಿಂತ ಚಂದಕ್ಕೆ ನನಗೆ ನಗು. ಸರ್ ನನ್ನ ಹತ್ತಿರ ಬಂದು ಬಗ್ಗಿ, "ನಗಬ್ಯಾಡವ್ವಾ. ಅಪ್ಪ ಈಗ ಊರಿಗೆ ಹೊಂಟಾನ ಅಂತ ನೆನಸ್ಕೋ" ಅಂದರು. ನೆನಸಿಕೊಂಡೆ. ಕಣ್ಣು ತುಂಬಿತು. ಫೋಟೋ ಭಾಳ ಚಲೋ ಬಂತು.

ಕ್ಯಾಲೆಂಡರ್ ಅಚ್ಚಾಗಿ ಬಂತು. ನನ್ನ ಮುಖ, ಕೆಳಗೆ ಒಂದು ಸಾಲು: ತಂದೆ ತಾಯಿ ಇಲ್ಲದ ಈ ಕೂಸಿಗೆ ನೀವೇ ದಿಕ್ಕು. ತಾಯಿ ಇಲ್ಲದ್ದು ನಿಜ. ಸರ್‌ಗೆ ಒಂದು ಸಾವು ಸಾಲಲಿಲ್ಲ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಯಶವಂತನಗರದ ಚಹಾದ ಹೋಟೆಲಿನ ಗೋಡೆಯಲ್ಲಿ ನನ್ನ ಮುಖ ಕಂಡು, ನನ್ನ ಮಗಳು, ನನ್ನ ಮಗಳು ಅಂತ ಅಲ್ಲಿದ್ದವರಿಗೆಲ್ಲ ತೋರಿಸಿದ್ದಾನೆ. ಯಾರೋ ಕ್ಲೀನರ್ ಹುಡುಗ ಕೆಳಗಿನ ಸಾಲು ಗಟ್ಟಿಯಾಗಿ ಓದಿ, "ಲೇ, ನೀ ಸತ್ತೀಯಂತ ಬರದಾರಲ್ಲೋ ಇಲ್ಲಿ" ಅಂದನಂತೆ. ಇನ್ನೊಬ್ಬ, "ಹೋಗ್ಲಿ ಬಿಡು, ಸತ್ತ ಸುದ್ದಿ ಸುಳ್ಳಾದ್ರ ಆಯುಷ್ಯ ಹೆಚ್ಚಾಗ್ತೈತಿ" ಅಂದನಂತೆ. ಹೋಟೆಲೆಲ್ಲ ನಕ್ಕಿತು. ಅಪ್ಪ ಅಲ್ಲಿಂದಲೇ ಬಸ್ಸು ಹತ್ತಿ ಹಾಸ್ಟೆಲಿಗೆ ಬಂದ.

ಅವತ್ತು ನಡೆದದ್ದನ್ನ ನನಗೆ ಹೇಳಿದ್ದು ಹಾಸ್ಟೆಲಿನ ಅಡುಗೆಯ ಬಸಮ್ಮ, ಅದೂ ಭಾಳ ವರ್ಷದ ಮೇಲೆ. ಆಕೆ ಅಲ್ಲೇ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಸರ್ ಬೈಯಲಿಲ್ಲ, ದನಿ ಏರಿಸಲಿಲ್ಲ. ಅಪ್ಪನನ್ನ ಕುರ್ಚಿ ಮೇಲೆ ಕೂರಿಸಿ ಚಹಾ ಕೊಡಿಸಿದರು. "ಯಜಮಾನ್ರೇ, ಅದು ಒಂದ ಒಂದು ಸಾಲು. ಅದರ ಮ್ಯಾಲ ಇಷ್ಟೂ ಮಕ್ಕಳು ಉಣ್ತಾವು, ನಿಮ್ಮ ಮಗಳೂ ಉಣ್ತಾಳ. ಆದ್ರ ದಾನಿಗಳು ಆ ಕೂಸನ್ನ ನೋಡಾಕಂತ ಬರ್ತಿರ್ತಾರ. ನೀವು ಆಕೀನ್ನ ತೊಡಿ ಮ್ಯಾಲ ಕೂಡಿಸ್ಕೊಂಡು ಕುಂತಿದ್ರ ಸಂಸ್ಥೆ ಮಾತು ಸುಳ್ಳಾಗ್ತೈತಿ. ಈ ಕ್ಯಾಲೆಂಡರ್ ಮುಗಿಯೋ ತನಕ ಬರಬ್ಯಾಡ್ರಿ" ಅಂದರು.

ಅಪ್ಪ, "ಎಷ್ಟು ದಿನ ಆಗ್ತೈತ್ರಿ ಅದು?" ಅಂತ ಕೇಳಿದನಂತೆ.

"ಡಿಸೆಂಬರ್ ಮುಗಿಯೋ ತನಕ."

ಅಪ್ಪ ಕೈ ಮುಗಿದು ಎದ್ದ. ಕೂಸನ್ನ ನೋಡಿ ಹೋಗು ಅಂತ ಬಸಮ್ಮ ಅಂದರೆ, ಬ್ಯಾಡವ್ವಾ, ಒಳಗ ಯಾರರ ದಾನಿಗಳು ಇದ್ದಾರು ಅಂದು ಹಾಗೇ ಹೋದನಂತೆ. ಚಹಾ ಅಲ್ಲೇ ಇತ್ತು ಅಂದಳು ಬಸಮ್ಮ.

ನನಗೆ ಇದ್ಯಾವುದೂ ಗೊತ್ತಿಲ್ಲ. ಎರಡನೇ ಭಾನುವಾರ ಬಂತು, ನಾನು ತಲೆ ಬಾಚಿಕೊಂಡು ಗೇಟಿನ ಹತ್ತಿರದ ಕಲ್ಲಿನ ಮೇಲೆ ಕೂತೆ. ಅಪ್ಪ ಬರಲಿಲ್ಲ. ಮುಂದಿನ ತಿಂಗಳೂ ಕೂತೆ. ಊಟದ ಕೋಣೆಯಲ್ಲಿ, ಅನ್ನದ ಪಾತ್ರೆಯ ಮೇಲುಗಡೆ ಆ ಕ್ಯಾಲೆಂಡರ್ ಇತ್ತು. ದಿನಾ ಎರಡು ಹೊತ್ತು ಅದರ ಕೆಳಗೆ ಉಣ್ಣಬೇಕು. ನನಗೆ ಓದು ಬರುತ್ತಿತ್ತು. ನಾಲ್ಕನೇ ತಿಂಗಳೋ ಐದನೇ ತಿಂಗಳೋ ನನಗೆ ತಿಳಿದುಹೋಯಿತು: ಸರ್ ಸುಳ್ಳು ಹೇಳುವವರಲ್ಲ, ಅಚ್ಚಾದದ್ದು ಸುಳ್ಳಿರಲ್ಲ, ಅಪ್ಪ ಸತ್ತಿದ್ದಾನೆ, ನನಗೆ ಹೇಳಿಲ್ಲ ಅಷ್ಟೇ. ಯಾರನ್ನೂ ಕೇಳಲಿಲ್ಲ. ಓರಗೆಯ ಹುಡುಗಿಯರಿಗೆ ನಮ್ಮಪ್ಪ ಸತ್ತಾನ ಅಂತ ನಾನೇ ಹೇಳಿದೆ. ಅವರು ಪಾಪ ತಮ್ಮ ಪಾಲಿನ ಬಾಳೆಹಣ್ಣು ನನಗೆ ಕೊಟ್ಟರು. ಹತ್ತು ದಿನ ಹೊದಿಕೆಯೊಳಗೆ ಅತ್ತೆ. ಆಮೇಲೆ ಅಳು ನಿಂತಿತು, ಎಲ್ಲರ ಹಾಗೆ ಉಂಡು ಶಾಲೆಗೆ ಹೋದೆ.

ಜನವರಿಯಲ್ಲಿ ಗೋಡೆಗೆ ಬೇರೆ ಮಗು ಬಂತು. ಎರಡನೇ ಭಾನುವಾರ ಗೇಟಿನಲ್ಲಿ ಅಪ್ಪ ನಿಂತಿದ್ದ, ಕೈಯಲ್ಲಿ ಮಂಡಕ್ಕಿ ಮಿರ್ಚಿ. ನಾನು ಓಡಿದೆ. ಅವನ ಕಡೆಗಲ್ಲ, ಅಡುಗೆಮನೆಗೆ. ಬಸಮ್ಮನ ಸೀರೆ ಹಿಡಿದು ಒಲೆಯ ಹಿಂದೆ ಕೂತೆ. ಸತ್ತವನು ಎದ್ದು ಬಂದರೆ ಹನ್ನೊಂದು ವರ್ಷದ ಕೂಸು ಏನು ಮಾಡೀತು? ಅಪ್ಪ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, "ಯವ್ವಾ, ನಾನವ್ವಾ, ನಿಮ್ಮಪ್ಪ" ಅಂತ ಕರೆದೇ ಕರೆದ. ನಾನು ಹೊರಗೆ ಬರಲಿಲ್ಲ. ಮುಂದಿನ ತಿಂಗಳು ಬಂದೆ, ಆದರೆ ತೊಡೆ ಮೇಲೆ ಕೂರಲಿಲ್ಲ. ಅದಾದ ಮೇಲೆ ಅಪ್ಪ ನನ್ನ ತಲೆ ಸವರೋದಕ್ಕೆ ಮುಂಚೆ ಒಂದು ಸಲ ನನ್ನ ಮುಖ ನೋಡೋನು, ಸವರಲೋ ಬ್ಯಾಡೋ ಅಂತ.

ಜೂನ್ ತಿಂಗಳಲ್ಲಿ ಹಳೇ ಕ್ಯಾಲೆಂಡರುಗಳನ್ನ ಪುಸ್ತಕಕ್ಕೆ ರಟ್ಟು ಹಾಕಲು ಹಂಚಿದರು. ದಪ್ಪ ಕಾಗದ, ಹೊಳಪು ಬೇರೆ. ಶಾಲೆಯಲ್ಲಿ ಅರ್ಧ ಹುಡುಗಿಯರ ನೋಟ್‌ಬುಕ್ಕಿನ ಮೇಲೆ ನನ್ನ ಮುಖ. ಒಬ್ಬಳು ನನಗೆ ಮೀಸೆ ಬರೆದಿದ್ದಳು. ಅದಕ್ಕೆ ನನಗೇನೂ ಅನಿಸಲಿಲ್ಲ, ಕೆಳಗಿನ ಆ ಸಾಲು ಮಡಿಕೆಯೊಳಗೆ ಹೋಗಿದೆಯೋ ಇಲ್ಲವೋ ಅಂತ ಪ್ರತಿಯೊಬ್ಬರ ಪುಸ್ತಕ ತಿರುವಿ ನೋಡುತ್ತಿದ್ದೆ.

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಅಪ್ಪ ಖರೇನೇ ಸತ್ತ. ಲಾರಿಯ ಮೇಲಿಂದ ಬಿದ್ದಿದ್ದ. ಮಣ್ಣು ಕೊಡುವಾಗ ನನಗೆ ಅಳು ಬರಲಿಲ್ಲ, ಬಂದವರೆಲ್ಲ ಗಟ್ಟಿ ಹುಡುಗಿ ಅಂದರು. ಎಲ್ಲಿಂದ ಬರಬೇಕು? ಅಪ್ಪನಿಗಾಗಿ ಅಳೋದನ್ನ ಹತ್ತು ವರ್ಷದವಳಿದ್ದಾಗಲೇ ಮುಗಿಸಿದ್ದೆನಲ್ಲ. ಮಣ್ಣಿಗೆ ಬಂದಿದ್ದ ಬಸಮ್ಮ ಅವತ್ತು ನನ್ನ ಪಕ್ಕದಲ್ಲಿ ಕೂತು ಆ ಚಹಾದ ಕತೆ ಹೇಳಿದಳು. ಆ ಮನುಷ್ಯನನ್ನ ಬಿಡಬಾರದು ಅಂದುಕೊಂಡೆ.

ಡಿಗ್ರಿ ಮುಗಿದ ಮೇಲೆ ಸರ್ ಕೈಕೆಳಗೇ ಕೆಲಸಕ್ಕೆ ಸೇರಿದೆ. ಋಣ ತೀರಿಸಾಕ ಬಂದ್ಲು ಅಂತ ಎಲ್ಲರೂ ಹೊಗಳಿದರು. ಹೌದು ಅಂದೆ. ಯಾವ ಋಣ ಅಂತ ಯಾರೂ ಕೇಳಲಿಲ್ಲ. ಏಳು ವರ್ಷ ಅವರ ಮೊಪೆಡ್ಡಿನ ಹಿಂದೆ ಕೂತು ತಿರುಗಿದೆ, ಸುತ್ತಿಗೆ ಹಿಡಿದೆ, ಯಾರ ಹತ್ತಿರ ಯಾವಾಗ ಮಾತಾಡಬೇಕು, ಯಾವಾಗ ಬಾಯಿ ಮುಚ್ಚಿಕೊಂಡು ಕೂರಬೇಕು ಎಲ್ಲ ಕಲಿತೆ. ಒಂದೇ ಒಂದು ಮಾತಿಗೆ ಕಾಯುತ್ತಿದ್ದೆ. ತಪ್ಪಾತವ್ವಾ ಅಂತ ಅಂದರೆ ಸಾಕಿತ್ತು. ಒಂದು ಸಲ ಸಂಡೂರಿನಿಂದ ಬರುವಾಗ ಗಾಡಿ ಕೆಟ್ಟು ಮರದ ಕೆಳಗೆ ಕೂತಿದ್ದೆವು. ತಡೆಯಲಾರದೆ ಕೇಳಿಯೇಬಿಟ್ಟೆ, "ಸರ್, ನಮ್ಮಪ್ಪ ಬದುಕ್ಯಾನ ಅಂತ ನಿಮಗೆ ಗೊತ್ತಿತ್ತಲ್ಲ?"

ಸರ್ ಸ್ಪಾರ್ಕ್ ಪ್ಲಗ್ ಒರೆಸುತ್ತಿದ್ದರು. ತಲೆ ಎತ್ತದೆ, "ಆ ವರ್ಷ ಭಾಳ ಚಲೋ ಎತ್ತಿದ್ವಿ" ಅಂದರು.

ಅಷ್ಟೇ. ಗಾಡಿ ಶುರುವಾಯಿತು, ಹತ್ತು ಅಂದರು, ಹತ್ತಿದೆ.

ಆಮೇಲೆ ಅವರ ಮೊಣಕಾಲು ಹೋದವು, ಮನೆ ಹಿಡಿದರು. ದೇಣಿಗೆ ಎತ್ತುವ ಕೆಲಸ ನನ್ನ ತಲೆ ಮೇಲೆ ಬಂತು. ಗಣಿ ಆಫೀಸುಗಳು ಒಂದೊಂದೇ ಮುಚ್ಚಿದ್ದವು, ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಸಾಲುಗಟ್ಟುತ್ತಿದ್ದ ಲಾರಿಗಳೂ ಕಮ್ಮಿಯಾದವು. ಮೊಳೆ ಹೊಡೆಯೋಕೆ ಗೋಡೆ ಸಿಗುತ್ತಿತ್ತು, ಮನಸ್ಸು ಕರಗುತ್ತಿರಲಿಲ್ಲ. ಮಕ್ಕಳ ಮುಖ ನೋಡಿ ನೋಡಿ ಜನಕ್ಕೂ ಸಾಕಾಗಿತ್ತು. ಹೋದ ವರ್ಷ ನವೆಂಬರಿನಲ್ಲಿ ಕಮಿಟಿಯವರು ಈ ಸಲ ಯಾವ ಮಗುವಿನ ಫೋಟೋ ಅಂದರು. "ಮಗು ಬ್ಯಾಡ್ರಿ. ಸರ್‌ದು ಹಾಕೋಣ" ಅಂದೆ. ಎಲ್ಲರಿಗೂ ಭಾಳ ಖುಷಿ. ಇದು ಕೃತಜ್ಞತೆ ಅಂದರೆ ಅಂತ ಒಬ್ಬರು ಕಣ್ಣು ಒರೆಸಿಕೊಂಡರು. ನನ್ನ ಮನಸ್ಸಿನಲ್ಲಿ ಇದ್ದದ್ದು ಬೇರೆ.

ಅವರ ಮನೆಗೆ ಹೋದೆ. ಸರ್‌ಗೆ ಮಕ್ಕಳಿಲ್ಲ. ಅವರು, ಅವರ ಹೆಂಡತಿ, ಎರಡೇ ಜೀವ. ನಾವೆಲ್ಲ ಅಮ್ಮ ಅನ್ನುತ್ತಿದ್ದ ಅವರಿಗೆ ಹಣೆ ತುಂಬ ಕುಂಕುಮ, ಕೈ ತುಂಬ ಹಸಿರು ಬಳೆ, ದನಿ ಎತ್ತಿ ಮಾತಾಡಿದ್ದನ್ನ ಯಾರೂ ಕೇಳಿದವರಿಲ್ಲ. ಐವತ್ತು ವರ್ಷ ಸರ್ ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಫೋಟೋ ತೆಗೆಯೋಕೆ ಬರ್ತೀನಿ ಅಂತ ಫೋನಿನಲ್ಲಿ ಹೇಳಿದ್ದೆನಲ್ಲ, ತಲೆ ಬಾಚಿಕೊಂಡು, ಇಳಕಲ್ ಸೀರೆ ಉಟ್ಟು, ಸರ್ ಪಕ್ಕದಲ್ಲಿ ಬಂದು ಕೂತಿದ್ದರು.

"ಅಮ್ಮಾರ, ನೀವು ಸ್ವಲ್ಪ ಆ ಕಡೆ ಹೋಗ್ರಿ. ಸರ್ ಒಬ್ರದ ಬೇಕು" ಅಂದೆ.

"ಹೌದೇನವ್ವಾ ತಂಗಿ, ನನಗ ತಿಳೀಲಿಲ್ಲ ನೋಡು" ಅಂತ ಎದ್ದು ಅಡುಗೆಮನೆಗೆ ಹೋದರು.

ಸರ್ ಎಂಥವರು ಅಂತೀರಿ. ನಾನು ಏನೂ ಹೇಳೋದೇ ಬೇಡವಾಯಿತು. ಕನ್ನಡಕ ತೆಗೆದರು, ಹಲ್ಲಿನ ಸೆಟ್ಟು ತೆಗೆದು ಕಪ್ಪಿನಲ್ಲಿಟ್ಟರು, ಮಂಚದ ಮೇಲಿನ ಹೊಸ ಚಾದರ ಎಳೆಸಿ ಹಳೇದು ಹಾಸಿಸಿದರು. ಕಿಟಕಿ ಅರ್ಧ ಮುಚ್ಚು ಅಂದರು. ಕತ್ತು ಒಂದಿಷ್ಟು ವಾಲಿಸಿ ಕೂತರು. ನನ್ನ ಫೋನಿನಲ್ಲಿ ಆ ಮುಖ ನೋಡಿ ನನಗೇ ಕರುಳು ಚುರ್ ಅಂದಿತು. ಹಾಳು ಕರುಳು.

ಆಮೇಲೆ ನಾನು ಬರೆದುಕೊಂಡು ಹೋಗಿದ್ದ ಸಾಲು ಓದಿ ಹೇಳಿದೆ. ನೂರಾರು ಮಕ್ಕಳಿಗೆ ಆಸರೆಯಾದ ಈ ಹಿರಿಯರಿಗೆ ಇಂದು ಯಾರೂ ಇಲ್ಲ. ಓದಿ ಕಾದೆ. ಒಳಗೆ ಅಮ್ಮ ಚಹಾ ಸೋಸುವ ಸದ್ದು ಕೇಳುತ್ತಿತ್ತು. ಯಾಕವ್ವಾ, ಈಕಿ ಅದಾಳಲ್ಲ ಅಂತ ಅವರು ಅನ್ನಬೇಕು, ನಮ್ಮಪ್ಪನೂ ಇದ್ನಲ್ರಿ ಅಂತ ನಾನು ಅನ್ನಬೇಕು. ಆ ಮಾತನ್ನ ಹದಿನೈದು ವರ್ಷ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದೆ.

ಸರ್ ಕಣ್ಣು ಮುಚ್ಚಿ ಆ ಸಾಲನ್ನ ತಾವೊಂದು ಸಲ ಅಂದುಕೊಂಡರು. "'ಇಂದು' ತೆಗಿ. ಉದ್ದ ಆತು" ಅಂದರು.

ಅಮ್ಮ ಚಹಾ ತಂದು ಇಬ್ಬರ ಮುಂದೆಯೂ ಇಟ್ಟರು. ತನಗೇ ಹೀಗೆ ಮಾಡಿಕೊಳ್ಳೋ ಮನುಷ್ಯನ ಮೇಲೆ ಹೇಗೆ ಸೇಡು ತೀರಿಸಿಕೊಳ್ಳೋದು ಹೇಳಿ. ಚಹಾ ಕುಡಿಯದೆ ಎದ್ದು ಬಂದೆ.

ಆ ಕ್ಯಾಲೆಂಡರ್ ಹಿಂದೆಂದೂ ಇಲ್ಲದಷ್ಟು ದೇಣಿಗೆ ತಂದಿತು. ನಾನೇ ಕಂಪ್ಲಿಗೆ, ಸಂಡೂರಿಗೆ, ಹಂಪಿಗೆಲ್ಲ ಹೋಗಿ ಹೊಡೆದು ಬಂದೆ. ಅಯ್ಯೋ ಸರ್‌ಗೆ ಈ ಗತಿ ಬಂತಾ ಅಂತ ಸಾಹುಕಾರರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬಂದು ಕೊಟ್ಟರು. ಹಾಸ್ಟೆಲಿಗೆ ಹೊಸ ಹಾಸಿಗೆ ಬಂದವು, ಮಕ್ಕಳಿಗೆ ವಾರಕ್ಕೆರಡು ದಿನ ತತ್ತಿ. ನನಗೆ ಯಾವುದೂ ರುಚಿಸಲಿಲ್ಲ.

ಸಂಕ್ರಾಂತಿ ಆಗಿ ಎರಡು ವಾರಕ್ಕೆ ಅಮ್ಮ ಆಫೀಸಿಗೆ ಬಂದರು. ಜೀವಮಾನದಲ್ಲಿ ಒಬ್ಬರೇ ಎಲ್ಲಿಗೂ ಬಂದವರಲ್ಲ. ಕೈಯಲ್ಲಿ ಒಂದು ಬಟ್ಟೆಯ ಚೀಲ. ಕುಂದ್ರಿ ಅಂದೆ. ಕುರ್ಚಿಯ ತುದಿಗೆ ಕೂತರು. ಉಸಿರು ತಿರುಗಿಸಿಕೊಂಡು, "ಸಂತ್ಯಾಗ ಒಬ್ಬಾಕಿ ಕೇಳಿದ್ಲು ತಂಗಿ, ಆ ಮುದುಕನ್ನ ನೋಡ್ಕೊಳ್ಳಾಕ ನಿನಗ ಸಂಬಳ ಎಷ್ಟು ಕೊಡ್ತಾರ ಅಂತ" ಅಂದರು. ಅಂದು ತಾವೇ ನಕ್ಕರು.

"ಇವ್ರು ಹೇಳ್ತಾರ, ದಾನಿಗಳು ಮನೀಗೆ ನೋಡಾಕ ಬರಾಕ ಹತ್ಯಾರ, ನೀ ಕಣ್ಣಿಗೆ ಬಿದ್ರ ಸಂಸ್ಥೆ ಮಾತು ಸುಳ್ಳಾಗ್ತೈತಿ, ಮರಿಯಮ್ಮನಹಳ್ಳಿಗೆ ತಮ್ಮನ ಮನೀಗೆ ಹೋಗಿ ಇರು ಅಂತ. ಹೋಗ್ತೀನಿ, ಅದಕ್ಕೇನಿಲ್ಲ. ಎಷ್ಟು ದಿನಕ್ಕಂತ ಅವ್ರು ಹೇಳವಲ್ರು. ನೀ ಹೇಳಿದ್ರ ಅಷ್ಟ ಸೀರಿ ಇಟ್ಕೊಂಡು ಹೋಗ್ತೀನಿ."

ಒಂದು ಮಾತು ಸಾಕಿತ್ತು. ಎಲ್ಲಿಗೂ ಹೋಗಬ್ಯಾಡ್ರಿ ಅಮ್ಮಾರ, ಮನೀಗೆ ಹೋಗ್ರಿ ಅಂದಿದ್ದರೆ ಮುಗಿಯುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಬಾರದು ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಮನುಷ್ಯ ಬಾಗಿಲು ನೋಡುತ್ತ ಒಂದು ವರ್ಷ ಕೂರಲಿ ಅನಿಸಿತು. ಬರಬೇಕಾದವರು ಬರದಿದ್ದರೆ ಅನ್ನ ಹೇಗೆ ಗಂಟಲಲ್ಲಿ ನಿಲ್ಲುತ್ತದೆ, ನೋಡಲಿ ಅನಿಸಿತು.

"ಡಿಸೆಂಬರ್ ಮುಗಿಯೋ ತನಕ, ಅಮ್ಮಾರ" ಅಂದೆ.

ಅಮ್ಮ ಕೈಯಲ್ಲಿದ್ದ ಚೀಲ ನೋಡಿಕೊಂಡರು. "ಹಂಗಾರ ಇನ್ನೊಂದು ಚೀಲ ಬೇಕು" ಅಂತ ಎದ್ದರು.

ಹಾಸ್ಟೆಲಿನಿಂದ ಸರ್‌ಗೆ ದಿನಾ ಬುತ್ತಿ ಕಳಿಸುತ್ತಿದ್ದೆ, ಬಸಮ್ಮ ಒಯ್ಯುತ್ತಿದ್ದಳು. ಉಪವಾಸ ಕೆಡವೋ ಪಾಪ ನನಗೆ ಬೇಡವಾಗಿತ್ತು. ಬೇಸಿಗೆ ಹೊತ್ತಿಗೆ ಬಸಮ್ಮ, ಅರ್ಧ ಬುತ್ತಿ ಹಂಗ ವಾಪಸ್ ಬರಾಕ ಹತ್ತೈತಿ ಅಂದಳು. ಗಣೇಶನ ಹಬ್ಬದಲ್ಲಿ, ಸರ್ ಕುರ್ಚಿನ ತಲಬಾಗಿಲಿಗೆ ಹಾಕಿಸ್ಕೊಂಡಾರ ಅಂದಳು. ದಸರೆಯಾದ ಮೇಲೆ ಒಂದು ದಿನ ಬಂದು, "ಹೊಸಾ ಕ್ಯಾಲೆಂಡರ್ ಅಚ್ಚಿಗೆ ಯಾವಾಗ ಕೊಡ್ತೀರಂತ ಕೇಳಿದ್ರು ಸರ್. ಜಲ್ದಿ ಕೊಡಾಕ ಬರಾಂಗಿಲ್ಲೇನಂತ" ಅಂದಳು. ಸುಳ್ಳು ಯಾಕೆ ಹೇಳಲಿ, ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು ನನಗೆ. ಮಾಡಿದ್ದುಣ್ಣೋ ಮಹಾರಾಯ ಅಂದುಕೊಂಡೆ. ಅಚ್ಚಿಗೆ ಕೊಡೋದನ್ನ ಇನ್ನೆರಡು ವಾರ ಮುಂದೆ ಹಾಕಿದೆ.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಬಸಮ್ಮ ಬುತ್ತಿ ತೆಗೆದುಕೊಂಡು ಹೋದಾಗ ಸರ್ ಅದೇ ಕುರ್ಚಿಯಲ್ಲಿ ಕತ್ತು ವಾಲಿಸಿಕೊಂಡು ಕೂತಿದ್ದರು. ಮಲಗಿದ್ದಾರೆ ಅಂತ ಅವಳು ಬುತ್ತಿ ಇಟ್ಟು ಬರುತ್ತಿದ್ದಳಂತೆ, ಯಾಕೋ ಅನುಮಾನ ಬಂದು ಮುಟ್ಟಿ ನೋಡಿದಳು.

ಮರಿಯಮ್ಮನಹಳ್ಳಿಗೆ ನಾನೇ ಫೋನ್ ಮಾಡಿದೆ. ಅಂಗಳ ತುಂಬ ಜನ ಸೇರಿದರು. ಮಿಲ್ಲಿನ ಸಾಹುಕಾರರು, ಹಳೇ ವಿದ್ಯಾರ್ಥಿಗಳು, ಕಮಿಟಿಯವರು. ಯಾರೂ ಇಲ್ಲದ ಜೀವ, ನಾವೇ ಮಾಡಬೇಕು ಎಲ್ಲ ಅಂತ ಒಬ್ಬರು ಗಟ್ಟಿಯಾಗಿ ಹೇಳುತ್ತಿದ್ದರು. ನಾನು ತಲಬಾಗಿಲಲ್ಲಿ ನಿಂತು ಬಂದವರ ಕೈಯಿಂದ ಹಾರ ತೆಗೆದುಕೊಳ್ಳುತ್ತಿದ್ದೆ.

ಮಧ್ಯಾಹ್ನದ ಬಸ್ಸಿಗೆ ಅಮ್ಮ ಬಂದರು. ಅವರ ತಮ್ಮ ಎರಡೂ ಚೀಲ ಹಿಡಿದುಕೊಂಡು ಹಿಂದೆ ಇದ್ದ. ಅವರು ಯಾರು ಅಂತ ಆ ಜನದಲ್ಲಿ ಅರ್ಧ ಮಂದಿಗೆ ಗೊತ್ತಿಲ್ಲ, ದಾರಿ ಬಿಡಲಿಲ್ಲ. ಸಂದಿ ಮಾಡಿಕೊಂಡು, ಸೆರಗು ಹೊದ್ದುಕೊಂಡು, ಬಾಗಿಲ ತನಕ ಬಂದು ನನ್ನ ಮುಂದೆ ನಿಂತರು. ಅಳುತ್ತಿರಲಿಲ್ಲ. ಒಳಗೆ ಹಾಸಿದ ಚಾಪೆಯ ಕಡೆ ಒಂದು ಸಲ ನೋಡಿ, ಯಾರಿಗೂ ಕೇಳಿಸದಂತೆ ನನ್ನ ಕಿವಿಯ ಹತ್ತಿರ ಬಂದರು.

"ಇನ್ನೂ ಒಂದು ತಿಂಗಳ ಐತಲ್ಲ ತಂಗಿ. ನಾ ಒಳಗ ಬರಬಹುದಾ?"